ಹಳೇ ಮಾರುತಿ 800ರ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ) ಅನ್ನು ಆರ್ಡುಯಿನೊ ಎಂಬ ಪುಟ್ಟ ಕಂಟ್ರೋಲರ್ ಬೋರ್ಡ್‌ನಲ್ಲಿ ಅಳೆಯೋದು ಹೇಗೆ?

ಕಾರ್ಬ್ಯುರೇಟರ್ ಮಾಡೆಲ್ ಆದರೆ ಕಿಡಿಗೆ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್‌ನ ನೆಗೆಟಿವ್ ತುದಿಯಲ್ಲೇ ಸಿಗ್ನಲ್ ಸಿಗುತ್ತದೆ. ಆದರೆ ಅದನ್ನು ನೇರವಾಗಿ ಆರ್ಡುಯಿನೊಗೆ ಕೊಡಲೇಬೇಡಿ. ನೋಡೋಕೆ 12 ವೋಲ್ಟ್ ವೈರು, ಆದರೆ ಕಿಡಿ ಹಾರುವ ಕ್ಷಣ ಅಲ್ಲಿ ನೂರಾರು ವೋಲ್ಟ್ ಏಳುತ್ತದೆ. ಬೋರ್ಡ್ ಸುಟ್ಟೇ ಹೋಗುತ್ತದೆ. ನಡುವೆ ರೆಸಿಸ್ಟರ್, ಡಯೋಡ್ ಜೊತೆಗೆ ಒಂದು ಆಪ್ಟೋಕಪ್ಲರ್ (ವೈರಿನ ಸಂಪರ್ಕವಿಲ್ಲದೆ ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಬಿಡಿಭಾಗ) ಹಾಕಿ, ಅದರ ಔಟ್‌ಪುಟ್ ಅನ್ನು ಆರ್ಡುಯಿನೊ ಊನೊ ಬೋರ್ಡಿನ 2ನೇ ಪಿನ್‌ಗೆ ಕೊಡಿ.

ಮೂರು ಸಿಲಿಂಡರ್, ಫೋರ್ ಸ್ಟ್ರೋಕ್ ಅಲ್ವಾ? ಎಂಜಿನ್ ಎರಡು ಸುತ್ತು ತಿರುಗಿದರೆ ಮೂರು ಕಿಡಿ, ಕಿಡಿಗೊಂದು ಪಲ್ಸ್. ಸುಮ್ನೆ ಸೆಕೆಂಡಿಗೆ ಎಷ್ಟು ಪಲ್ಸ್ ಅಂತ ಎಣಿಸಿದರೆ ರೀಡಿಂಗ್ 40-40 ಆಗಿ ಜಿಗಿಯುತ್ತದೆ. ಅದರ ಬದಲು ಇಂಟರಪ್ಟ್ (ಪಿನ್‌ಗೆ ಪಲ್ಸ್ ಬಂದ ಕೂಡಲೇ ಕೋಡ್‌ನ ಒಂದು ಭಾಗ ಓಡುವ ವ್ಯವಸ್ಥೆ) ಬಳಸಿ, ಎರಡು ಪಲ್ಸ್ ನಡುವೆ ಎಷ್ಟು ಮೈಕ್ರೊಸೆಕೆಂಡ್ ಅಂತ ಅಳೆಯಿರಿ. 4 ಕೋಟಿಯನ್ನು ಅದರಿಂದ ಭಾಗಿಸಿದರೆ ಆರ್‌ಪಿಎಂ. 13,333 ಬಂದರೆ 3000 ಅಂತ ಲೆಕ್ಕ.

ಒಂದೇ ಕಿಡಿಗೆ ಎರಡು ಮೂರು ಪಲ್ಸ್ ಬರೋದೂ ಉಂಟು. 3 ಮಿಲಿಸೆಕೆಂಡ್ ಒಳಗೆ ಮತ್ತೆ ಬಂದದ್ದನ್ನು ಕೋಡ್‌ನಲ್ಲೇ ಬಿಟ್ಟುಬಿಡಿ.