ಪತ್ರಕ್ಕೆ ಉತ್ತರ ಬರೆಯುವ ಮುನ್ನ

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಪಂಪಿನ ವಾಲ್ವ್ ತಯಾರಿಸುವ ಸಣ್ಣ ಕಾರ್ಖಾನೆ. ನಮ್ಮ ವಾಲ್ವ್ ತನ್ನ ಯುರೋಪಿಯನ್ ಪೇಟೆಂಟನ್ನು ಉಲ್ಲಂಘಿಸುತ್ತದೆಂದು ಜರ್ಮನಿಯ ಕಂಪನಿಯೊಂದು ಪತ್ರ ಬರೆದಿದೆ. ಅವರು ಅಲ್ಲಿನ ಜಂಟಿ ನ್ಯಾಯಾಲಯಕ್ಕೆ ಹೋದರೆ ಇಡೀ ಯುರೋಪಿನಲ್ಲಿ ಮಾರಾಟ ನಿಲ್ಲುತ್ತದೆಯೇ? ಮುಂದಿನ ತಿಂಗಳು ಅಲ್ಲಿನ ವಸ್ತುಪ್ರದರ್ಶನದಲ್ಲಿ ಮಳಿಗೆ ಹಾಕಲಿದ್ದೇವೆ.
— ಓದುಗರೊಬ್ಬರು, ಬೆಂಗಳೂರು

ಉತ್ತರ: ಇಡೀ ಯುರೋಪಿನಲ್ಲಿ ಅಲ್ಲ, ಆದರೆ ನಿರಾಳವಾಗಿರುವಷ್ಟು ಚಿಕ್ಕ ಪ್ರದೇಶದಲ್ಲೂ ಅಲ್ಲ. 2023ರ ಜೂನ್ 1ರಂದು ಕೆಲಸ ಆರಂಭಿಸಿದ ಏಕೀಕೃತ ಪೇಟೆಂಟ್ ನ್ಯಾಯಾಲಯದಲ್ಲಿ ಜರ್ಮನಿ, ಫ್ರಾನ್ಸ್, ಇಟಲಿ ಸೇರಿ 18 ದೇಶಗಳಿವೆ. ಸ್ಪೇನ್, ಪೋಲೆಂಡ್ ಸೇರಿಲ್ಲ, ಬ್ರಿಟನ್ 2020ರಲ್ಲಿ ಹಿಂದೆ ಸರಿಯಿತು. ಹಿಂದೆ ದೇಶಕ್ಕೊಂದರಂತೆ ದಾವೆ ಹೂಡಬೇಕಿದ್ದ ಪೇಟೆಂಟುದಾರರು ಈಗ ಒಂದೇ ದಾವೆಯಿಂದ, ಪೇಟೆಂಟ್ ಜಾರಿಯಲ್ಲಿರುವ ಸದಸ್ಯ ದೇಶಗಳಿಗೆಲ್ಲ ಅನ್ವಯಿಸುವ ತಡೆಯಾಜ್ಞೆ ಪಡೆಯಬಹುದು. ಮೇಲ್ಮನವಿ ಲಕ್ಸೆಂಬರ್ಗಿನಲ್ಲಿ.

ಪತ್ರದಲ್ಲಿರುವ ಪೇಟೆಂಟ್ ಸಂಖ್ಯೆಯನ್ನು ಮೊದಲು ಆ ನ್ಯಾಯಾಲಯದ ಸಾರ್ವಜನಿಕ ನೋಂದಣಿಯಲ್ಲಿ ಹುಡುಕಿಸಿ. ಏಳು ವರ್ಷಗಳ ಪರಿವರ್ತನಾ ಅವಧಿಯಲ್ಲಿ ದೇಶದೇಶಕ್ಕೆ ಪ್ರತ್ಯೇಕವಾಗಿ ಜಾರಿಯಾಗುವ ಹಳೆಯ ಬಗೆಯ ಯುರೋಪಿಯನ್ ಪೇಟೆಂಟನ್ನು ಈ ನ್ಯಾಯಾಲಯದ ವ್ಯಾಪ್ತಿಯಿಂದ ಹೊರಗಿಡಲು ಮಾಲೀಕರಿಗೆ ಅವಕಾಶವಿದೆ. ಹಾಗೆ ಹೊರಗಿಟ್ಟಿದ್ದರೆ ಅವರು ದೇಶದಿಂದ ದೇಶಕ್ಕೆ ಅಲೆಯಬೇಕಾಗುತ್ತದೆ. ಆದರೆ ಮನಸ್ಸು ಬದಲಿಸಿ ಮರಳಿ ಒಳಬರುವ ದಾರಿಯೂ ಅವರಿಗಿದೆ ಎಂಬುದನ್ನು ಮರೆಯಬೇಡಿ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ಹುಟ್ಟಿಸಿದ್ದು ವಸ್ತುಪ್ರದರ್ಶನದ ಮಾತು. ನ್ಯಾಯಾಲಯ ಆರಂಭವಾದ ತಿಂಗಳಲ್ಲೇ, ಫ್ರಾಂಕ್‌ಫರ್ಟಿನ ಸೈಕಲ್ ಮೇಳದಲ್ಲಿ ಮಳಿಗೆ ಹಾಕಿದ್ದ ಕಂಪನಿಯೊಂದರ ವಿರುದ್ಧ ಡಸೆಲ್‌ಡಾರ್ಫ್ ವಿಭಾಗವು ಎದುರುಪಕ್ಷವನ್ನು ವಿಚಾರಣೆಗೆ ಕರೆಯದೆಯೇ, ಅರ್ಜಿ ಬಂದ ದಿನವೇ ತಾತ್ಕಾಲಿಕ ತಡೆಯಾಜ್ಞೆ ನೀಡಿತ್ತು. ಆದ್ದರಿಂದ ಸರಕು ಕಳುಹಿಸುವ ಮೊದಲೇ ಅಲ್ಲಿನ ಪೇಟೆಂಟ್ ವಕೀಲರ ಮೂಲಕ ‘ರಕ್ಷಣಾ ಪತ್ರ’ ಸಲ್ಲಿಸಿ. ಉಲ್ಲಂಘನೆ ಏಕಿಲ್ಲ ಎಂಬ ನಿಮ್ಮ ವಾದ ಅದರಲ್ಲಿರುತ್ತದೆ. ಆರು ತಿಂಗಳೊಳಗೆ ಯಾರಾದರೂ ತುರ್ತು ಆದೇಶ ಕೋರಿದರೆ ನ್ಯಾಯಾಧೀಶರ ಮುಂದೆ ಅದೂ ಇರುತ್ತದೆ.

ಅವರು ದಾವೆ ಹೂಡಿಯೇ ಬಿಟ್ಟರೆ ಪ್ರತಿವಾದ ಸಲ್ಲಿಸಲು ಮೂರು ತಿಂಗಳ ಕಾಲಾವಕಾಶವಿದೆ, ಆಗಲೇ ಪೇಟೆಂಟನ್ನು ರದ್ದುಪಡಿಸುವಂತೆ ಪ್ರತಿದಾವೆಯನ್ನೂ ಹೂಡಬಹುದು. ಅದು ಗೆದ್ದರೆ ಅವರ ಪೇಟೆಂಟ್ ಸದಸ್ಯ ದೇಶಗಳಲ್ಲೆಲ್ಲ ಒಟ್ಟಿಗೆ ಬೀಳುತ್ತದೆ, ಅವರು ಹೆದರುವುದೂ ಇದಕ್ಕೇ. ಅವರು ಪೇಟೆಂಟಿಗೆ ಅರ್ಜಿ ಹಾಕುವ ಮೊದಲೇ ನೀವು ಅದೇ ವಾಲ್ವನ್ನು ಗೋಪ್ಯತೆಯ ಯಾವ ಷರತ್ತೂ ಇಲ್ಲದೆ ಮಾರಿದ್ದರೆ, ಮಾರಾಟ ನಡೆದದ್ದು ಬೆಂಗಳೂರಿನಲ್ಲೇ ಆದರೂ ಅವರ ಆವಿಷ್ಕಾರ ಹೊಸದಲ್ಲ ಎಂಬುದಕ್ಕೆ ಅದು ಸಾಕ್ಷ್ಯವಾಗುತ್ತದೆ. ದಿನಾಂಕವಿರುವ ಹಳೆಯ ಬಿಲ್ಲು, ಡ್ರಾಯಿಂಗುಗಳು ಕಾರ್ಖಾನೆಯ ಯಾವ ಕಪಾಟಿನಲ್ಲಿವೆಯೆಂದು ಇಂದೇ ನೋಡಿ. ಆ ಕಂಪನಿಗೆ ಉತ್ತರ ಬರೆಯುವ ಕೆಲಸವನ್ನು ವಕೀಲರಿಗೆ ಬಿಡಿ.