ಅಂಚು ಒಳಸರಿಯುವುದೇಕೆ, ಎಳೆ ಹರಿಯುವುದೇಕೆ: ಮನೆಮಗ್ಗದ ಪ್ರಶ್ನೋತ್ತರ

ಮನೆಯಲ್ಲಿ ಮಗ್ಗವಿಟ್ಟು ನೇಯ್ಗೆ ಕಲಿಯುತ್ತಿರುವ ಮುಂಬೈ, ಪುಣೆ ಮತ್ತು ಗೋವೆಯ ಕನ್ನಡ ಓದುಗರ ಪತ್ರಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ತೊಂದರೆಗಳು ಬೇರೆ ಬೇರೆಯಾದರೂ ಹೆಚ್ಚಿನವುಗಳ ಮೂಲ ಒಂದೇ ಕಡೆ ಇದೆ: ಲಾಳಿ ಹಿಡಿಯುವ ಮೊದಲೇ ಮುಗಿದುಹೋಗುವ ಹಾಸಿನ, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳ, ಕೆಲಸದಲ್ಲಿ.

ಪ್ರಶ್ನೆ: ನಿವೃತ್ತಿಯ ನಂತರ ಫ್ಲ್ಯಾಟಿನಲ್ಲಿ ಟೇಬಲ್ ಮಗ್ಗ ಇಟ್ಟುಕೊಂಡು ನೇಯಲು ಕಲಿಯುತ್ತಿದ್ದೇನೆ. 20 ಅಂಗುಲ ಅಗಲದಲ್ಲಿ ಆರಂಭಿಸಿದ ಶಾಲು ಒಂದು ಮೊಳ ನೇಯುವಷ್ಟರಲ್ಲಿ 17 ಅಂಗುಲಕ್ಕೆ ಇಳಿಯುತ್ತದೆ. ಪ್ರತಿ ಸಲವೂ ಅಂಚಿನಲ್ಲಿ ದಾರವನ್ನು ಎಳೆದು ನೇರ ಮಾಡುತ್ತೇನೆ, ಆದರೂ ಹೀಗಾಗುತ್ತದೆ. ಏನು ಮಾಡಲಿ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ನೀವು ಅಂಚಿನಲ್ಲಿ ಎಳೆಯುತ್ತಿರುವುದೇ ತೊಂದರೆಯ ಮೊದಲ ಕಾರಣ. ಬಟ್ಟೆಯೊಳಗೆ ಹೊಕ್ಕಿನ ದಾರ, ಅಂದರೆ ಲಾಳಿ ಅಡ್ಡಲಾಗಿ ಒಯ್ಯುವ ದಾರ, ನೇರವಾಗಿ ಮಲಗಿರುವುದಿಲ್ಲ. ಹಾಸಿನ ಒಂದು ಎಳೆಯ ಮೇಲೆ, ಮುಂದಿನ ಎಳೆಯ ಕೆಳಗೆ ಬಳುಕುತ್ತ ಹೋಗುತ್ತದೆ. ಆದ್ದರಿಂದ 20 ಅಂಗುಲದ ಹಾಸನ್ನು ದಾಟಲು ಅದಕ್ಕೆ 20 ಅಂಗುಲಕ್ಕಿಂತ ಹೆಚ್ಚು ಉದ್ದ ಬೇಕು. ಬಿಗಿಯಾಗಿ ಎಳೆದ ಹೊಕ್ಕಿನಲ್ಲಿ ಆ ಹೆಚ್ಚುವರಿ ಉದ್ದ ಇರುವುದಿಲ್ಲವಾದ್ದರಿಂದ, ದಾರವನ್ನು ಒತ್ತಿ ಕೂರಿಸುವ ಹಣಿಗೆ ಬಡಿದ ಕೂಡಲೇ ಅದು ಎರಡೂ ಅಂಚುಗಳನ್ನು ಒಳಕ್ಕೆ ಜಗ್ಗಿ ತನ್ನ ಕೊರತೆಯನ್ನು ತುಂಬಿಕೊಳ್ಳುತ್ತದೆ.

ಲಾಳಿ ಆಚೆ ಬದಿಗೆ ಬಂದ ಮೇಲೆ ಹಿಂದಿನ ಅಂಚಿನಲ್ಲಿ ದಾರ ಕೊನೆಯ ಎಳೆಗೆ ತಾಗಿ ನಿಂತಿದೆಯೇ ಎಂದಷ್ಟೇ ನೋಡಿ. ಅಲ್ಲಿ ಕುಣಿಕೆ ಉಳಿಯಬಾರದು, ಎಳೆತವೂ ಇರಬಾರದು. ಬಳಿಕ ಎಳೆಗಳ ನಡುವೆ ತೆರೆದ ಬಾಯಿಯಲ್ಲಿ ದಾರದ ಮಧ್ಯಭಾಗವನ್ನು ಬೆರಳಿನಿಂದ ಹಣಿಗೆಯ ಕಡೆಗೆ ಎರಡೂವರೆ ಅಂಗುಲದಷ್ಟು ಸರಿಸಿ ಕಮಾನು ಮಾಡಿ, ಆಮೇಲೆ ಹಣಿಗೆಯನ್ನು ತನ್ನಿ. ನಿಮ್ಮ ಅಗಲದ ಬಟ್ಟೆಗೆ ಈ ಕಮಾನಿನಿಂದ ಸುಮಾರು ಮುಕ್ಕಾಲು ಅಂಗುಲ ಹೆಚ್ಚು ದಾರ ಒಳಗೆ ಹೋಗುತ್ತದೆ. ಕಮಾನು ಅತಿಯಾದರೆ ಬಟ್ಟೆಯ ಮೈಮೇಲೆ ಸಣ್ಣ ಕುಣಿಕೆಗಳು ಏಳುತ್ತವೆ. ಹಾಗೆ ಕಂಡಲ್ಲಿ ಎತ್ತರವನ್ನು ಸ್ವಲ್ಪ ತಗ್ಗಿಸಿ. ಅರ್ಧದಿಂದ ಒಂದು ಅಂಗುಲದವರೆಗೆ ಅಗಲ ಕಡಿಮೆಯಾಗುವುದು ಸಹಜವಾದ್ದರಿಂದ ಅದನ್ನು ತಪ್ಪಿಸಲು ಹೆಣಗಬೇಡಿ, ಲೆಕ್ಕ ಹಾಕುವಾಗಲೇ ಅಷ್ಟು ಅಗಲವನ್ನು ಸೇರಿಸಿಕೊಳ್ಳಿ.

ಆದರೆ ಮೂರು ಅಂಗುಲದ ನಷ್ಟವನ್ನು ಕಮಾನೊಂದೇ ಸರಿಪಡಿಸಲಾರದು. ಮಗ್ಗದ ಹಿಂಬದಿಗೆ ಹೋಗಿ, ಬಿಗಿ ಮಾಡಿದ ಹಾಸಿನ ಮೇಲೆ ಅಂಗೈಯನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಮೆಲ್ಲಗೆ ಆಡಿಸಿ. ನಡುಭಾಗ ಬಿಗಿಯಾಗಿದ್ದು ಅಂಚಿನ ಎಳೆಗಳು ಮೆತ್ತಗೆ ತಗ್ಗಿದರೆ, ಹಾಸನ್ನು ಹಿಂಬದಿಯ ಉರುಳೆಗೆ, ಅಂದರೆ ದಿಂಡಿಗೆ, ಸುತ್ತುವಾಗಲೇ ತಪ್ಪಾಗಿದೆ ಎಂದು ತಿಳಿಯಬೇಕು. ಸುತ್ತು ಹೆಚ್ಚಿದಂತೆ ಅಂಚಿನ ಎಳೆಗಳು ಕೆಳಗಿನ ಪದರದಿಂದ ಪಕ್ಕಕ್ಕೆ ಜಾರಿ, ಉಳಿದವುಗಳಿಗಿಂತ ಚಿಕ್ಕ ಸುತ್ತಿನಲ್ಲಿ ಕೂರುತ್ತವೆ. ನೇಯುವಾಗ ದಿಂಡು ಬಿಚ್ಚಿದಾಗ ಅವುಗಳ ಉದ್ದ ಬೇರೆಯಾಗಿಯೇ ಹೊರಬರುತ್ತದೆ. ಹಾಸಿಗಿಂತ ಎರಡು ಅಂಗುಲ ಹೆಚ್ಚು ಅಗಲದ ದಪ್ಪ ಕಂದು ಕಾಗದವನ್ನು ಪದರಗಳ ನಡುವೆ ಸುತ್ತುತ್ತ ಹೋದರೆ ಈ ತೊಂದರೆ ಬಹುಮಟ್ಟಿಗೆ ಬರುವುದಿಲ್ಲ. ಸುತ್ತುವ ದಿನ ಮನೆಯವರೊಬ್ಬರು ಮುಂದೆ ನಿಂತು ಹಾಸನ್ನು ಒಂದೇ ಬಿಗಿಯಲ್ಲಿ ಹಿಡಿದುಕೊಳ್ಳುವುದು ತುಂಬ ಒಳ್ಳೆಯದು. ಈ ಕೆಲಸಕ್ಕೆ ಒಂದು ಇಡೀ ಮಧ್ಯಾಹ್ನ ಹಿಡಿದರೂ ಅದು ವ್ಯರ್ಥವಲ್ಲ. ನನ್ನ ದೃಷ್ಟಿಯಲ್ಲಿ ಕಲಿಯುವವರ ಕೈ ನಿಜವಾಗಿ ಪಳಗುವುದು ಇಲ್ಲಿಯೇ.

ಬಟ್ಟೆಯನ್ನು ಅಗಲಕ್ಕೆ ಹಿಡಿದಿಡುವ ಹಲ್ಲುಪಟ್ಟಿಯನ್ನು ಈಗಲೇ ಕೊಳ್ಳಬೇಡಿ. ಕೈ ಪಳಗಿದ ನೇಕಾರರಿಗೂ ಅದು ಉಪಯುಕ್ತವೇ, ಆದರೆ ಕಲಿಯುವ ಹಂತದಲ್ಲಿ ಅದು ತಪ್ಪನ್ನು ಮುಚ್ಚಿಬಿಡುತ್ತದೆ. ಅದರ ಬದಲು ಒಂದೇ ಬಣ್ಣದ ನೂಲಿನಲ್ಲಿ ಉದ್ದನೆಯ ಹಾಸು ಹಾಕಿ, ಪ್ರತಿ ನಾಲ್ಕು ಅಂಗುಲಕ್ಕೊಮ್ಮೆ ಅಗಲವನ್ನೂ ಒಂದು ಅಂಗುಲದಲ್ಲಿ ಬಿದ್ದ ಹೊಕ್ಕುಗಳನ್ನೂ ಎಣಿಸಿ ಪುಸ್ತಕದಲ್ಲಿ ಬರೆದಿಡಿ. ಬೆಳಿಗ್ಗೆ 20 ಹೊಕ್ಕು ಬಿದ್ದಲ್ಲಿ ಸಂಜೆ 25 ಬಿದ್ದಿದ್ದರೆ ಹಾಸಿನ ಬಿಗಿ ಅಥವಾ ಹಣಿಗೆಯ ಪೆಟ್ಟು ಬದಲಾಗಿದೆ ಎಂದರ್ಥ. ಎರಡು ಅಂಗುಲ ನೇಯ್ದೊಡನೆ ಬಟ್ಟೆಯನ್ನು ಮುಂದಕ್ಕೆ ಸುತ್ತಿಕೊಳ್ಳುವ ಅಭ್ಯಾಸವಿದ್ದರೆ ಪೆಟ್ಟು ಒಂದೇ ಜಾಗದಲ್ಲಿ, ಒಂದೇ ಕೋನದಲ್ಲಿ ಬೀಳುತ್ತದೆ.

ಪ್ರಶ್ನೆ: ನನ್ನ ತವರು ಗುಳೇದಗುಡ್ಡ. ಅಜ್ಜ ಕುಣಿಮಗ್ಗದಲ್ಲಿ ಖಣ ನೇಯುತ್ತಿದ್ದರು. ಇಲ್ಲಿ ಪುಣೆಯ ಮನೆಯಲ್ಲಿ ಒಂಟಿ ಎಳೆಯ ಹತ್ತಿ ನೂಲಿನಿಂದ ನೇಯಲು ಹೊರಟರೆ, ಏಪ್ರಿಲ್‌-ಮೇ ತಿಂಗಳಲ್ಲಿ ಹಾಸಿನ ಎಳೆಗಳು ಒಂದಾದ ಮೇಲೊಂದು ಹರಿಯುತ್ತವೆ. ಅಜ್ಜನ ಮಗ್ಗದಲ್ಲಿ ಹೀಗಾಗುತ್ತಿದ್ದುದು ನೆನಪಿಲ್ಲ.
— ಓದುಗರೊಬ್ಬರು, ಕೋಥರೂಡ್, ಪುಣೆ

ಉತ್ತರ: ನಿಮ್ಮ ಪ್ರಶ್ನೆಯ ಅರ್ಧ ಉತ್ತರ ನಿಮ್ಮ ಅಜ್ಜನ ಮಗ್ಗದಲ್ಲಿಯೇ ಇದೆ. ಹತ್ತಿಯ ನೂಲು ತೇವಾಂಶ ಹೀರಿಕೊಂಡಾಗ ಹೆಚ್ಚು ಗಟ್ಟಿಯಾಗುತ್ತದೆ, ಒಣಗಿದಾಗ ಪೆಡಸಾಗಿ ಬೇಗ ಹರಿಯುತ್ತದೆ. ಕುಣಿಮಗ್ಗದಲ್ಲಿ ಹಾಸು ನೆಲಕ್ಕೆ ಹತ್ತಿರವಾಗಿ ಚಾಚಿಕೊಂಡಿರುವುದರಿಂದ ನೆಲದ ಮತ್ತು ಕುಣಿಯ ತಂಪು ಅದಕ್ಕೆ ಸದಾ ತಾಗುತ್ತಿರುತ್ತದೆ. ಪುಣೆಯ ಬೇಸಿಗೆಯ ಒಣಗಾಳಿಯಲ್ಲಿ, ಮೂರನೆಯ ಮಹಡಿಯ ಕೋಣೆಯಲ್ಲಿ, ತಲೆಯ ಮೇಲೆ ಫ್ಯಾನ್ ತಿರುಗುತ್ತಿರುವಾಗ ಅದೇ ನೂಲಿಗೆ ಆ ತಂಪು ದೊರೆಯುವುದಿಲ್ಲ. ಮಗ್ಗದ ಕೆಳಗೆ ಒದ್ದೆ ಗೋಣಿತಾಟು ಹಾಸಿ, ಫ್ಯಾನಿನ ಗಾಳಿ ನೇರವಾಗಿ ಹಾಸಿನ ಮೇಲೆ ಬೀಳದಂತೆ ಮಗ್ಗವನ್ನು ಸರಿಸಿ, ಬೆಳಗಿನ ಹೊತ್ತು ನೇಯಿರಿ.

ಉಳಿದರ್ಧ ಉತ್ತರ ಗಂಜಿಯಲ್ಲಿದೆ. ಎರಡು ಎಳೆ ಹುರಿ ಹಾಕಿದ ನೂಲಿಗೆ ಸಾಮಾನ್ಯವಾಗಿ ಗಂಜಿ ಬೇಕಾಗುವುದಿಲ್ಲ, ಆದರೆ ಒಂಟಿ ಎಳೆ ಗಂಜಿಯಿಲ್ಲದೆ ಹಣಿಗೆಯ ತಿಕ್ಕಾಟವನ್ನು ತಾಳಲಾರದು. ಒಂದು ಲೀಟರ್ ನೀರಿಗೆ ಸುಮಾರು 40 ಗ್ರಾಂ ಅಕ್ಕಿ ಹಿಟ್ಟು ಕದಡಿ, ತೆಳ್ಳಗೆ ಕುದಿಸಿ, ಸೋಸಿ, ಕೆಲವು ಹನಿ ಕೊಬ್ಬರಿ ಎಣ್ಣೆ ಸೇರಿಸಿ, ಉಗುರು ಬೆಚ್ಚಗಿರುವಾಗ ನೂಲಿನ ಲಡಿಯನ್ನು (ಸುರುಳಿಯನ್ನು) ಅದರಲ್ಲಿ ಅದ್ದಿ ಹಿಂಡಿ. ಕೋಲಿಗೆ ತೂಗುಹಾಕಿ ನೆರಳಿನಲ್ಲಿ ಒಣಗಿಸುವಾಗ ಆಗಾಗ ಲಡಿಯನ್ನು ಕೊಡವಿ ಎಳೆಗಳನ್ನು ಬಿಡಿಸದಿದ್ದರೆ ಅವು ಒಂದಕ್ಕೊಂದು ಅಂಟಿಕೊಂಡು ಹೊಸ ತೊಂದರೆ ಕೊಡುತ್ತವೆ. ಮುಂಬೈ ಮತ್ತು ಗೋವೆಯ ಓದುಗರು ಮಳೆಗಾಲದಲ್ಲಿ ಗಂಜಿ ಹಾಕಿದ ಹಾಸನ್ನು ವಾರಗಟ್ಟಲೆ ಮಗ್ಗದ ಮೇಲೆ ಬಿಡಬಾರದು, ಬೂಷ್ಟು ಹಿಡಿಯುತ್ತದೆ.

ಹರಿಯುವ ಜಾಗವನ್ನೂ ಗಮನಿಸಿ. ಪ್ರತಿ ಸಲ ಅದೇ ಎಳೆ ಹರಿದರೆ ಹಣಿಗೆಯ ಆ ಸಂದಿನಲ್ಲಿ ತುಕ್ಕು ಅಥವಾ ಗೀರು ಇದೆ. ಅಂಚಿನ ಎಳೆಗಳು ಮಾತ್ರ ಹರಿದರೆ ಬಟ್ಟೆ ಒಳಸರಿದು, ಆ ಎಳೆಗಳು ಹಣಿಗೆಗೆ ಓರೆಯಾಗಿ ತಿಕ್ಕುತ್ತಿವೆ. ಡೊಂಬಿವಲಿಯ ಓದುಗರಿಗೆ ಹೇಳಿದ ಮಾತು ಆಗ ನಿಮಗೂ ಅನ್ವಯಿಸುತ್ತದೆ. ಎಲ್ಲೆಂದರಲ್ಲಿ ಹರಿಯುತ್ತಿದ್ದರೆ ಮಾತ್ರ ಒಣಹವೆಯನ್ನೂ ಅತಿಯಾದ ಬಿಗಿಯನ್ನೂ ಶಂಕಿಸಬೇಕು.

ಪ್ರಶ್ನೆ: ಗೋವೆಯ ಕುಣಬಿ ಸೀರೆಯ ಕೆಂಪು-ಬಿಳಿ ಚೌಕುಳಿಯನ್ನು ನೋಡಿ ಅದೇ ಬಗೆಯ ಶಾಲು ನೇಯುವ ಆಸೆಯಾಗಿದೆ. ಎಷ್ಟು ನೂಲು ಕೊಳ್ಳಬೇಕು? ನನ್ನ ಮೊದಲ ತುಂಡಿನಲ್ಲಿ ಚೌಕಗಳು ಚೌಕವಾಗಿ ಬರಲಿಲ್ಲ.
— ಓದುಗರೊಬ್ಬರು, ಮಡಗಾಂವ್

ಉತ್ತರ: ಕುಣಬಿ ಮತ್ತು ಗಾವಡಾ ಮಹಿಳೆಯರು ಉಡುತ್ತಿದ್ದ ಈ ಸೀರೆ ಬಹುತೇಕ ಮರೆಯಾಗುತ್ತಿದ್ದಾಗ, ಗೋವೆಯ ವಸ್ತ್ರ ವಿನ್ಯಾಸಕ ವೆಂಡೆಲ್ ರಾಡ್ರಿಕ್ಸ್ ಅದನ್ನು ಮತ್ತೆ ಬೆಳಕಿಗೆ ತಂದರು. ಸರಳ ನೇಯ್ಗೆಯಾದ್ದರಿಂದ ನಿಮ್ಮ ಆಯ್ಕೆ ಕಲಿಯುವವರಿಗೂ ತಕ್ಕದ್ದೇ.

ನೂಲಿನ ನಂಬರಿನ ಅರ್ಥ ತಿಳಿದರೆ ಲೆಕ್ಕ ಸುಲಭ. 840 ಗಜದ ಎಷ್ಟು ಲಡಿಗಳು ಸೇರಿ ಒಂದು ಪೌಂಡ್ ತೂಗುತ್ತವೆಯೋ ಅದೇ ಹತ್ತಿ ನೂಲಿನ ನಂಬರು. ನಂಬರು ಹೆಚ್ಚಿದಂತೆ ನೂಲು ಸಣ್ಣಗಾಗುತ್ತದೆ. 2/10 ಎಂದರೆ 10ನೇ ನಂಬರಿನ ಎರಡು ಎಳೆ ಸೇರಿಸಿ ಹುರಿ ಹಾಕಿದ್ದು, ಅಂದರೆ ದಪ್ಪದಲ್ಲಿ 5ನೇ ನಂಬರಿಗೆ ಸಮ. ಇದರ 100 ಗ್ರಾಂನಲ್ಲಿ ಸುಮಾರು 845 ಮೀಟರ್ ನೂಲು ಇರುತ್ತದೆ. ಅಂಗುಲಕ್ಕೆ 24 ಎಳೆಯಂತೆ 20 ಅಂಗುಲಕ್ಕೆ 480 ಎಳೆ ಬೇಕು. ಎರಡು ಮೀಟರ್ ಶಾಲಿಗೆ, ಕುಗ್ಗುವ ಭಾಗವನ್ನೂ ಮಗ್ಗದಲ್ಲಿ ಉಳಿದುಹೋಗುವ ತುದಿಗಳನ್ನೂ ಸೇರಿಸಿ, ಮೂರು ಮೀಟರ್ ಹಾಸು ಹಾಕಿದರೆ 1,440 ಮೀಟರ್, ಅಂದರೆ ಸುಮಾರು 170 ಗ್ರಾಂ ಆಗುತ್ತದೆ. ಹೊಕ್ಕಿಗೆ 120 ಗ್ರಾಂ ಸಾಕಾದರೂ ಬಣ್ಣಗಳೆರಡೂ ಸೇರಿ 350 ಗ್ರಾಂ ಕೊಳ್ಳಿ. ಕಡಿಮೆ ಬಿದ್ದಾಗ ಅದೇ ಕೆಂಪು ಮತ್ತೆ ಸಿಗುವುದು ಕಷ್ಟ.

ಚೌಕ ಕೆಡಲು ಕಾರಣ, ಮಗ್ಗದ ಮೇಲೆ ಹಾಸು ಬಿಗಿಯಾಗಿದ್ದಾಗ ಅಳತೆ ನೋಡಿದ್ದು. ಮಗ್ಗದಿಂದ ಇಳಿಸಿದ ಬಟ್ಟೆ ಉದ್ದದಲ್ಲಿ ಕುಗ್ಗುತ್ತದೆ, ಒಗೆದ ಮೇಲೆ ಇನ್ನಷ್ಟು ಕುಗ್ಗುತ್ತದೆ. ಒಂದು ಗೇಣು ನೇಯ್ದು, ಕತ್ತರಿಸಿ, ಒಗೆದು, ಒಣಗಿಸಿ, ಆ ತುಂಡಿನ ಒಂದು ಅಂಗುಲದಲ್ಲಿರುವ ಹಾಸಿನ ಎಳೆಗಳನ್ನೂ ಹೊಕ್ಕುಗಳನ್ನೂ ಎಣಿಸಿ. ಎರಡೂ ಸಮವಾಗುವಂತೆ ಹಣಿಗೆಯ ಪೆಟ್ಟನ್ನು ಹೊಂದಿಸಿಕೊಂಡ ಮೇಲೆ ಹಾಸಿನಲ್ಲಿ ಎಷ್ಟು ಎಳೆ ಕೆಂಪು ಇದೆಯೋ ಹೊಕ್ಕಿನಲ್ಲೂ ಅಷ್ಟೇ ಹಾಕಿದರೆ ಸಾಕು. ಕೆಂಪು ಲಡಿಯನ್ನು ಮೊದಲೇ ನೀರು ತಿಳಿಯಾಗುವವರೆಗೆ ತೊಳೆಯುವುದನ್ನು ಮರೆಯಬೇಡಿ. ಇಲ್ಲವಾದರೆ ಮೊದಲ ಒಗೆತದಲ್ಲೇ ಬಿಳಿಯೆಲ್ಲ ಗುಲಾಬಿಯಾಗುತ್ತದೆ.

ಪ್ರಶ್ನೆ: ಇಳಕಲ್ ಸೀರೆಯಂತಹ ಕೆಂಪು ಸೆರಗನ್ನು ಮನೆಯ ಪುಟ್ಟ ಮಗ್ಗದಲ್ಲಿ ನೇಯಲು ಸಾಧ್ಯವೇ? ಮುಂಬೈಯಲ್ಲಿ ಮಾರ್ಗದರ್ಶನ ಎಲ್ಲಿ ದೊರೆಯುತ್ತದೆ?
— ಓದುಗರೊಬ್ಬರು, ಠಾಣೆ

ಉತ್ತರ: ಇಳಕಲ್ ಸೆರಗಿನ ಕೆಂಪು ಅಷ್ಟು ಗಾಢವಾಗಿ ಕಾಣುವುದು ಅಲ್ಲಿ ಹೊಕ್ಕಿನೊಂದಿಗೆ ಹಾಸೂ ಕೆಂಪು ರೇಷ್ಮೆಯಾಗಿರುವುದರಿಂದ. ಸೆರಗಿನ ಹಾಸನ್ನು ಬೇರೆಯಾಗಿ ಮಾಡಿ, ಒಡಲಿನ (ಸೀರೆಯ ಮೈಯ) ಹಾಸಿನ ತುದಿಗೆ ಕುಣಿಕೆಗಳಿಂದ ಜೋಡಿಸುತ್ತಾರೆ. ನೀವು ಹೊಕ್ಕಿನ ಬಣ್ಣವನ್ನಷ್ಟೇ ಬದಲಿಸಿದರೆ ಒಡಲಿನ ಹಾಸಿನ ಬಣ್ಣ ನಡುನಡುವೆ ಇಣುಕಿ ಕೆಂಪು ಮಂಕಾಗುತ್ತದೆ. ಆ ಜೋಡಣೆಯನ್ನು ಪುಸ್ತಕ ನೋಡಿ ಕಲಿಯುವುದಕ್ಕಿಂತ ಇಳಕಲ್‌ಗೆ ಹೋಗಿ ಬಲ್ಲವರ ಪಕ್ಕದಲ್ಲಿ ಕುಳಿತು ನೋಡಿ ಕಲಿಯುವುದೇ ಸರಿ. ಸದ್ಯಕ್ಕೆ ಹಾಸನ್ನೇ ಕಡುಗೆಂಪಾಗಿಟ್ಟು, ಒಡಲಿಗೆ ಕಪ್ಪು ಹೊಕ್ಕು, ಸೆರಗಿಗೆ ಕೆಂಪು ಹೊಕ್ಕು ಹಾಕಿ ನೋಡಿ. ಸೆರಗು ಅಚ್ಚ ಕೆಂಪಾಗಿಯೇ ಬರುತ್ತದೆ. ಮುಂಬೈಯಲ್ಲಿ ಕೇಂದ್ರ ಜವಳಿ ಸಚಿವಾಲಯದ ನೇಕಾರರ ಸೇವಾ ಕೇಂದ್ರವಿದೆ. ನಿಮ್ಮ ನೇಯ್ಗೆಯ ತುಂಡು, ನೂಲಿನ ನಂಬರು ಮತ್ತು ಹಣಿಗೆಯ ಅಳತೆಯನ್ನು ಜೊತೆಗೆ ಕೊಂಡೊಯ್ದು ಅಲ್ಲಿ ವಿಚಾರಿಸಿ.