ಮೂತ್ರದಲ್ಲಿ ಸಕ್ಕರೆ ಇದೆ ಅಂದರು, ಯಾವ ಸಕ್ಕರೆ?

ಪ್ರಶ್ನೆ: ನಮ್ಮ ತಂದೆಯವರಿಗೆ 64 ವರ್ಷ. ಎರಡು ತಿಂಗಳ ಹಿಂದೆ ಸಕ್ಕರೆ ಕಾಯಿಲೆಯ ಮಾತ್ರೆ ಬದಲಾಯಿತು. ಖಾಲಿ ಹೊಟ್ಟೆಯ ರಕ್ತದ ಸಕ್ಕರೆ 112, ಆದರೆ ಮೂತ್ರದ ರಿಪೋರ್ಟಿನಲ್ಲಿ ‘ಶುಗರ್ ++++’. ಯಾವುದನ್ನು ನಂಬಬೇಕು? (ದಾವಣಗೆರೆಯಿಂದ)

ಉತ್ತರ: ಎರಡೂ ಸರಿಯಿರಬಹುದು. ಮೊದಲು ಮಾತ್ರೆಯ ಚೀಟಿ ನೋಡಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಹೀಗೆ ‘ಗ್ಲಿಫ್ಲೋಜಿನ್’ ಎಂದು ಕೊನೆಯಾಗುವ ಹೆಸರಿದ್ದರೆ ಉತ್ತರ ಅಲ್ಲೇ ಇದೆ. ಮೂತ್ರಪಿಂಡ ಸೋಸಿದ ಗ್ಲೂಕೋಸನ್ನು ಮತ್ತೆ ರಕ್ತಕ್ಕೆ ಎಳೆದುಕೊಳ್ಳುವ ಬಾಗಿಲನ್ನೇ ಈ ಮಾತ್ರೆ ಮುಚ್ಚುತ್ತದೆ. ಮೂತ್ರಪಿಂಡ ಚೆನ್ನಾಗಿದ್ದರೆ ದಿನಕ್ಕೆ 60ರಿಂದ 80 ಗ್ರಾಂ ಗ್ಲೂಕೋಸ್ ಹೊರಹೋಗುವುದುಂಟು. ಹಾಗಾಗಿ ++++ ಬಂದದ್ದು ಮಾತ್ರೆ ಕೆಲಸ ಮಾಡುತ್ತಿರುವುದರ ಗುರುತು. ಗುಪ್ತಾಂಗದಲ್ಲಿ ತುರಿಕೆ, ಬಿಳಿ ಪದರ ಕಂಡರೆ, ಇಲ್ಲವೇ ವಾಂತಿಯಾಗಿ ಊಟ ಬಿಟ್ಟಿದ್ದರೆ ವೈದ್ಯರಿಗೆ ತಕ್ಷಣ ತಿಳಿಸಿ. ಈ ಮಾತ್ರೆ ತಿನ್ನುವವರಲ್ಲಿ ರಕ್ತದ ಸಕ್ಕರೆ ಹೆಚ್ಚಿಲ್ಲದೆಯೂ ಕೀಟೋನ್ (ಕೊಬ್ಬು ಕರಗಿದಾಗ ಹುಟ್ಟುವ ಆಮ್ಲ) ಏರಬಹುದು. ಯಾವುದೇ ಆಪರೇಷನ್ ಇದ್ದರೆ ಮೊದಲೇ ಹೇಳಿ.

ಆ ಮಾತ್ರೆ ಇಲ್ಲದಿದ್ದರೆ ಲೆಕ್ಕ ಬೇರೆ. ರಕ್ತದ ಗ್ಲೂಕೋಸ್ ಸುಮಾರು 180 ಮಿ.ಗ್ರಾಂ ದಾಟಿದ ಮೇಲೆ ಅದು ಮೂತ್ರಕ್ಕೆ ಸೋರುತ್ತದೆ. ಬೆಳಗಿನ ಮೊದಲ ಮೂತ್ರ ರಾತ್ರಿಯಿಡೀ ಚೀಲದಲ್ಲಿ ಕೂಡಿದ್ದು. ರಾತ್ರಿ ಊಟದ ನಂತರ ಸಕ್ಕರೆ 240 ಆಗಿ ಬೆಳಗ್ಗೆ 112ಕ್ಕೆ ಇಳಿದಿದ್ದರೂ ಆ ಮೂತ್ರ ರಾತ್ರಿಯ ಕಥೆಯನ್ನೇ ಹೇಳುತ್ತದೆ. ಒಮ್ಮೆ ಮೂತ್ರ ಮಾಡಿ, ಒಂದು ಲೋಟ ನೀರು ಕುಡಿದು, ಅರ್ಧ ಗಂಟೆಯ ನಂತರ ಬಂದದ್ದನ್ನು ಪರೀಕ್ಷಿಸಿದರೆ ಆ ಹೊತ್ತಿನ ಸ್ಥಿತಿಗೆ ಹತ್ತಿರದ ಉತ್ತರ ಸಿಗುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಈ ಮಿತಿ ಕಡಿಮೆ. ಗರ್ಭಿಣಿಯರಲ್ಲೂ ಕಡಿಮೆಯಾಗುತ್ತದೆ.

ಪ್ರಶ್ನೆ: ಹತ್ತು ದಿನದ ಕೂಸಿಗೆ ವಾಂತಿ, ಕಾಮಾಲೆ. ಮೂತ್ರಕ್ಕೆ ಸ್ಟ್ರಿಪ್ ಅದ್ದಿದಾಗ ಸಕ್ಕರೆ ‘ನಿಲ್’. ಬೆನೆಡಿಕ್ಟ್ (ನೀಲಿ ದ್ರಾವಣದ ಜೊತೆ ಕುದಿಸುವ, ಸಕ್ಕರೆ ಇದ್ದರೆ ಬಣ್ಣ ಬದಲಾಗುವ ಪರೀಕ್ಷೆ) ಮಾಡಿದಾಗ ಹಳದಿ. ಲ್ಯಾಬಿನವರದ್ದೇ ತಪ್ಪೇ? (ಕಲಬುರಗಿಯಿಂದ)

ಉತ್ತರ: ಇದು ತಪ್ಪಿಗಿಂತ ಸುಳಿವು ಎಂದೇ ತಿಳಿಯಬೇಕು. ಇವತ್ತೇ ಮಕ್ಕಳ ವೈದ್ಯರಿಗೆ ತೋರಿಸಿ. ಸ್ಟ್ರಿಪ್‌ನಲ್ಲಿರುವ ಗ್ಲೂಕೋಸ್ ಆಕ್ಸಿಡೇಸ್ ಕಿಣ್ವ ಗ್ಲೂಕೋಸನ್ನು ಮಾತ್ರ ಗುರುತಿಸುತ್ತದೆ. ಬೆನೆಡಿಕ್ಟ್ ದ್ರಾವಣಕ್ಕೆ ಆ ಭೇದವಿಲ್ಲ: ಗ್ಲೂಕೋಸ್, ಗ್ಯಾಲಕ್ಟೋಸ್, ಫ್ರಕ್ಟೋಸ್, ಲ್ಯಾಕ್ಟೋಸ್, ದ್ರಾವಣದ ತಾಮ್ರವನ್ನು ಅಪಕರ್ಷಿಸುವ (ಎಲೆಕ್ಟ್ರಾನ್ ಕೊಟ್ಟು ಬದಲಿಸುವ) ಯಾವುದಾದರೂ ಸರಿ. ಒಂದು ನಿಲ್, ಇನ್ನೊಂದು ಹಳದಿ ಅಂದರೆ ಗ್ಲೂಕೋಸ್ ಅಲ್ಲದ್ದೇನೋ ಇದೆ. ಹಾಲು ಕುಡಿಯುವ, ಹೀಗೆ ಕಾಹಿಲೆ ಬಿದ್ದ ಕೂಸಿನಲ್ಲಿ ಮೊದಲು ಗ್ಯಾಲಕ್ಟೋಸಿಮಿಯಾ (ಹಾಲಿನಿಂದ ಬರುವ ಗ್ಯಾಲಕ್ಟೋಸನ್ನು ದೇಹ ಬಳಸಿಕೊಳ್ಳಲಾಗದ ಹುಟ್ಟು ಕಾಯಿಲೆ) ಅನುಮಾನಿಸಬೇಕು.

ಎರಡು ಕಡೆ ಎಡವುವುದುಂಟು. ಹಾಲು ನಿಲ್ಲಿಸಿ ಡ್ರಿಪ್ ಹಾಕಿದ ಮೇಲೆ ಗ್ಯಾಲಕ್ಟೋಸ್ ಮೂತ್ರದಿಂದ ಮಾಯವಾಗುತ್ತದೆ. ಆಗ ಬೆನೆಡಿಕ್ಟ್ ನೀಲಿ ಉಳಿದರೂ ನಿರಾಳರಾಗುವಂತಿಲ್ಲ. ಎರಡನೆಯದಾಗಿ, ಯಕೃತ್ತಿನ ಬೇರೆ ತೊಂದರೆಯಲ್ಲೂ ಗ್ಯಾಲಕ್ಟೋಸ್ ಕಾಣಿಸಬಹುದು. ಖಚಿತವಾಗಲು ಗ್ಯಾಲಕ್ಟೋಸನ್ನು ಬದಲಿಸುವ ಜಿಎಎಲ್‌ಟಿ ಕಿಣ್ವವನ್ನು ಕೆಂಪು ರಕ್ತಕಣದಲ್ಲಿ ಅಳೆಯಬೇಕು, ಅದಕ್ಕೆ ಬೇಕಾದ ರಕ್ತವನ್ನು ಮಗುವಿಗೆ ಬೇರೆಯವರ ರಕ್ತ ಕೊಡುವ ಮೊದಲೇ ತೆಗೆದಿಡಬೇಕು. ಕೊಟ್ಟ ಮೇಲೆ ಅಳೆದರೆ ದಾನಿಯ ಕಿಣ್ವವೇ ಲೆಕ್ಕಕ್ಕೆ ಬರುತ್ತದೆ.

(ಇದೇ ಜೋಡಿ ಫಲಿತಾಂಶ ಬಾಣಂತಿಯಲ್ಲಿ ಬಂದರೆ ಸಾಮಾನ್ಯವಾಗಿ ಅದು ಹಾಲಿನ ಲ್ಯಾಕ್ಟೋಸ್. ಭಯ ಬೇಡ.)

ಪ್ರಶ್ನೆ: ಪಿಯುಸಿ ಪ್ರಾಯೋಗಿಕ ತರಗತಿಯಲ್ಲಿ ಮೂತ್ರದ ಬದಲು ಸಕ್ಕರೆ ನೀರು ಹಾಕಿ ಬೆನೆಡಿಕ್ಟ್ ಮಾಡಿದೆವು. ಎಷ್ಟು ಕುದಿಸಿದರೂ ನೀಲಿ. ದ್ರಾವಣ ಹಾಳಾಗಿದೆಯೇ? (ಶಿರಸಿಯಿಂದ)

ಉತ್ತರ: ದ್ರಾವಣ ಚೆನ್ನಾಗಿದ್ದರೂ ಹೀಗೇ ಆಗುತ್ತಿತ್ತು. ಅಡುಗೆಮನೆಯ ಸಕ್ಕರೆ ಸುಕ್ರೋಸ್. ಅದರಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಎರಡೂ ಕೈಕೈ ಹಿಡಿದುಕೊಂಡಿರುವುದರಿಂದ ತಾಮ್ರವನ್ನು ಅಪಕರ್ಷಿಸಲು ಬಿಡುವಿಲ್ಲ. 100 ಮಿ.ಲೀ. ನೀರಿಗೆ ಲ್ಯಾಬಿನ ಗ್ಲೂಕೋಸ್ 1 ಗ್ರಾಂ ಹಾಕಿ, ಹಳದಿ ಬರುತ್ತದೆ. ಸಕ್ಕರೆಯೇ ಬೇಕೆಂದರೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸಿ ಒಡೆಯಿರಿ, ಆಮೇಲೆ ಸೋಡಾದಿಂದ ಆಮ್ಲ ಕಳೆಯಿರಿ. ಇಲ್ಲದಿದ್ದರೆ ಬೆನೆಡಿಕ್ಟಿನ ಕಾರ್ಬೊನೇಟ್ ನೊರೆಯುಕ್ಕಿ ಪರೀಕ್ಷೆ ಕೆಡುತ್ತದೆ.

ಸರಿಯಾದ ಕ್ರಮ: 5 ಮಿ.ಲೀ. ದ್ರಾವಣವನ್ನು ಒಂಟಿಯಾಗಿ ಕುದಿಸಿ. ಆಗಲೇ ಬಣ್ಣ ಬದಲಾದರೆ ಬಿಸಾಡಿ. ನಂತರ ಎಣಿಸಿ 8 ಹನಿ ಮೂತ್ರ, ಕುದಿಯುವ ನೀರಿನಲ್ಲಿ 5 ನಿಮಿಷ, ತಾನಾಗಿ ಆರಲಿ. ನೀಲಿ ಅಂದರೆ ಇಲ್ಲ. ಹಸಿರು ಸುಮಾರು ಅರ್ಧ ಗ್ರಾಂ, ಹಳದಿ 1, ಕಿತ್ತಳೆ 1.5, ಇಟ್ಟಿಗೆ ಕೆಂಪು 2 ಗ್ರಾಂ ಮತ್ತು ಮೇಲೆ, 100 ಮಿ.ಲೀ.ಗೆ. ಹನಿ ಎಣಿಸದೆ ಸುರಿದರೆ ಹಸಿರು ಬರಬೇಕಾದಲ್ಲಿ ಕಿತ್ತಳೆ ಬರುತ್ತದೆ. ಪರೀಕ್ಷೆ ಕೆಡುವುದು ಹೆಚ್ಚಾಗಿ ಇಲ್ಲೇ. ಬಿಳಿ ಮಡ್ಡಿ ಫಾಸ್ಫೇಟ್, ಅದು ಸಕ್ಕರೆಯಲ್ಲ. ಹೆಚ್ಚು ವಿಟಮಿನ್ ಸಿ ತಿಂದವರಲ್ಲಿ ಬೆನೆಡಿಕ್ಟ್ ಸುಳ್ಳು ಹಸಿರು ತೋರಿಸಬಹುದು. ಅದೇ ವಿಟಮಿನ್ ಸ್ಟ್ರಿಪ್ಪಿನಲ್ಲಿ ಹುಟ್ಟಿ ಬಣ್ಣ ತರುವ ಪೆರಾಕ್ಸೈಡನ್ನು ನುಂಗಿ, ಇರುವ ಸಕ್ಕರೆಯನ್ನೂ ಇಲ್ಲವೆನ್ನಿಸುತ್ತದೆ. ಮೂತ್ರವನ್ನು ಗಂಟೆಗಟ್ಟಲೆ ಹೊರಗಿಟ್ಟರೆ ಬ್ಯಾಕ್ಟೀರಿಯಾ ಗ್ಲೂಕೋಸ್ ತಿಂದುಬಿಡುತ್ತವೆ. ಫ್ರಿಜ್‌ನಿಂದ ತೆಗೆದ ತಣ್ಣನೆಯ ಮೂತ್ರಕ್ಕೆ ಸ್ಟ್ರಿಪ್ ಅದ್ದಿದರೆ ಕಿಣ್ವ ನಿಧಾನವಾಗಿ, ಕಡಿಮೆ ತೋರಿಸುತ್ತದೆ. ಕೋಣೆಯ ಬಿಸಿಗೆ ಬರಲಿ.

ಪ್ರಶ್ನೆ: 24 ಗಂಟೆಯ ಮೂತ್ರ 1,800 ಮಿ.ಲೀ., ಗ್ಲೂಕೋಸ್ 250 ಮಿ.ಗ್ರಾಂ/ಡೆ.ಲೀ. ಒಟ್ಟು ಎಷ್ಟು ಹೋಗಿದೆ? (ಮುಂಬಯಿಯಿಂದ)

ಉತ್ತರ: 1,800 ಮಿ.ಲೀ. ಅಂದರೆ 18 ಡೆ.ಲೀ. 18 × 250 = 4,500 ಮಿ.ಗ್ರಾಂ, ಅಂದರೆ 4.5 ಗ್ರಾಂ. ಆರೋಗ್ಯವಂತರಲ್ಲಿ ಅರ್ಧ ಗ್ರಾಂ ಕೂಡ ಇರುವುದಿಲ್ಲ. ಆದರೆ ಶುರುವಿನ ಬೆಳಗಿನ ಮೊದಲ ಮೂತ್ರವನ್ನು ಚೆಲ್ಲಿ, ಮರುದಿನ ಅದೇ ಹೊತ್ತಿನ ಮೂತ್ರವನ್ನು ಸೇರಿಸಿದ್ದೀರಾ ಎಂದು ಖಾತ್ರಿ ಮಾಡಿಕೊಳ್ಳಿ. ಎರಡು ಬೆಳಗಿನದೂ ಕ್ಯಾನಿಗೆ ಬಿದ್ದಿದ್ದರೆ ಒಂದು ರಾತ್ರಿಯ ಮೂತ್ರ ಹೆಚ್ಚಾಗಿ ಸೇರಿ ಲೆಕ್ಕ ಉಬ್ಬಿರುತ್ತದೆ.